ಹಾಡಿನೊಳಗೆ ಅಡಗಿದ ತಿಂಗಳುಗಳು

ಒಂದು ಕೆಲಸ ತಡವಾದರೆ ಅದರ ಬೆಲೆ ತೆರುವವರು ಯಾರು? ಕೆಲಸ ಹಿಡಿದವರಿಗಿಂತ ಹೆಚ್ಚಾಗಿ, ಅದಕ್ಕಾಗಿ ಕಾದು ಕುಳಿತವರು. ವಿಜಯಪುರ ಜಿಲ್ಲೆಯ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದ್ದು 2006ರಲ್ಲಿ. ಅಡಿಗಲ್ಲು ಬಿದ್ದ ವರ್ಷ ಹುಟ್ಟಿದ ಕೂಸು, ಅಣೆಕಟ್ಟು ಮುಗಿಯುವ ಹೊತ್ತಿಗೆ 41 ವರ್ಷದ ಸಂಸಾರಸ್ಥ.

ಇಷ್ಟು ದೊಡ್ಡ ವಿಷಯವನ್ನು ಅರಿಯಲು ಚಲನಚಿತ್ರಗಳ ಕಡೆ ತಿರುಗುವುದು ಕೆಲವರಿಗೆ ಹುಡುಗಾಟವೆನಿಸಬಹುದು. ಆದರೆ ಕೆಲಸ ಮತ್ತು ಕಾಲದ ನಂಟನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಶಕ್ತಿ ಚಿತ್ರಕ್ಕಿದೆ. ನಿರ್ವಹಣಾ ಶಾಸ್ತ್ರ ಕಲಿಸುವವರೂ ಚಿತ್ರಗಳ ದೃಶ್ಯಗಳನ್ನು ಪಾಠಕ್ಕೆ ಬಳಸುವುದುಂಟು. ಅಂಥ ಮೂರು ಚಿತ್ರಗಳನ್ನು ಇಲ್ಲಿ ನೆನೆಯೋಣ.

ಮೊದಲನೆಯದು ನಮ್ಮದೇ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1972ರಲ್ಲಿ. ಭಾವನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಆಸರೆಯಾಗಲು ಬಂದ ರಾಜೀವ, ಬಂಜರು ನೆಲವನ್ನು ಹಸನು ಮಾಡಲು ಹೊರಡುತ್ತಾನೆ. ರಾಜಕುಮಾರ್ ಅವರು ಬಂಡೆಗೆ ಎದುರಾಗಿ ನಿಲ್ಲುವ ಆ ಹಾಡನ್ನು ಕಂಡು ಹಳ್ಳಿಯತ್ತ ಮುಖ ಮಾಡಿದ ವಿದ್ಯಾವಂತ ಯುವಕರಿದ್ದರೆಂಬ ಮಾತು ಇಂದಿಗೂ ನಾಡಿನಲ್ಲಿ ಉಳಿದಿದೆ. ಆ ದೃಶ್ಯದಿಂದ ನಾವೆಲ್ಲ ಕಲಿತದ್ದು ಛಲವನ್ನು. ಆದರೆ ಅಲ್ಲಿ ಇನ್ನೊಂದು ಪಾಠವೂ ಇದೆ. ಅದು ತೆರೆಯ ಮೇಲೆ ಕಾಣುವುದಿಲ್ಲ. ಕೆಲವೇ ನಿಮಿಷಗಳ ಹಾಡಿನಲ್ಲಿ ತಿಂಗಳುಗಳ ದುಡಿಮೆ ಅಡಗಿದೆ. ಒಂದು ಚಿತ್ರಿಕೆಗೂ ಮುಂದಿನದಕ್ಕೂ ನಡುವೆ ಸಂಕಲನಕಾರನ ಕತ್ತರಿಗೆ ಸಿಕ್ಕಿ ಬಿದ್ದುಹೋದ ದಿನಗಳು ಎಷ್ಟೋ. ಸಾಲಕ್ಕಾಗಿ ಅಲೆದ ದಿನ, ಆಳು ಬಾರದ ದಿನ, ಮಳೆ ಹಿಡಿದು ಕೆಲಸ ನಿಂತ ದಿನ, ಇವನ್ನು ಯಾವ ಹಾಡೂ ತೋರಿಸದು. ನಾವು ಮನೆ ಕಟ್ಟಲು ಹೊರಟಾಗ ಮಾಡುವ ಲೆಕ್ಕ ಹೆಚ್ಚಾಗಿ ಈ ಹಾಡಿನಂತೆಯೇ ಇರುತ್ತದೆ. ಪಾಯ, ಗೋಡೆ, ಸ್ಲ್ಯಾಬು, ಗೃಹಪ್ರವೇಶ! ನಡುವಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಕಾಲ ನಿರ್ವಹಣೆಯ ಮೊದಲ ಅಕ್ಷರ.

ಎರಡನೆಯದು ಅಮೆರಿಕದ ‘ಅಪೊಲೊ 13’. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟ ನೌಕೆಯಲ್ಲಿ ಆಮ್ಲಜನಕದ ತೊಟ್ಟಿ ಸಿಡಿದು, ಮೂವರು ಗಗನಯಾತ್ರಿಗಳ ಪ್ರಾಣ ತೂಗಾಡಿದ ನಿಜಸಂಗತಿಯನ್ನು 1995ರಲ್ಲಿ ಬಂದ ಈ ಚಿತ್ರ ಹೇಳುತ್ತದೆ. ಮರಳಿ ಭೂಮಿಗಿಳಿಯಲು, ಆರಿಸಿಟ್ಟಿದ್ದ ಯಂತ್ರಗಳನ್ನು ಮತ್ತೆ ಚಾಲೂ ಮಾಡಬೇಕು. ಉಳಿದಿರುವ ವಿದ್ಯುತ್ತು ಅತ್ಯಲ್ಪ. ನೆಲದ ಮೇಲಿನ ಮಾದರಿ ನೌಕೆಯಲ್ಲಿ ಕುಳಿತ ಇನ್ನೊಬ್ಬ ಗಗನಯಾತ್ರಿ ಯಾವ ಗುಂಡಿಯನ್ನು ಮೊದಲು, ಯಾವುದನ್ನು ಆಮೇಲೆ ಒತ್ತಬೇಕೆಂದು ಮತ್ತೆ ಮತ್ತೆ ಪರೀಕ್ಷಿಸುತ್ತಾನೆ. ಗುಂಡಿಗಳು ಅವೇ, ವಿದ್ಯುತ್ತೂ ಅಷ್ಟೇ; ಕ್ರಮ ತಪ್ಪಿದರೆ ಸಾವು, ಕ್ರಮ ಕೂಡಿದರೆ ಬದುಕು. ಕೆಲಸದ ಗೆಲುವು ವೇಗದಲ್ಲಿಲ್ಲ, ಕ್ರಮದಲ್ಲಿದೆ.

ಈ ಕ್ರಮದ ಪಾಠವನ್ನು ಹಿಡಿದು ಆಲಮಟ್ಟಿಗೆ ಹಿಂದಿರುಗೋಣ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಸಾಲ ಕೊಟ್ಟಿದ್ದ ವಿಶ್ವ ಬ್ಯಾಂಕು, 1990ರ ದಶಕದಲ್ಲಿ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಕಾರಣ ಕಲ್ಲು ಸಿಮೆಂಟಿನ ಕೊರತೆಯಲ್ಲ. ಮುಳುಗಡೆಯಾಗುವ ಊರುಗಳ ಜನರ ಪುನರ್ವಸತಿ ಹಿಂದೆ ಬಿದ್ದಿತ್ತು. ಜನರಿಗೆ ಹೊಸ ನೆಲೆ ಒದಗಿಸುವುದು ನೀರು ನಿಲ್ಲಿಸುವುದಕ್ಕಿಂತ ಮೊದಲಿನ ಕೆಲಸ. ಮೊದಲಿನದು ಹಿಂದಾದಾಗ ಹಿಂದಿನದೂ ನಿಂತಿತು. ಹಾಗೆಯೇ, ಅಣೆಕಟ್ಟು ಮುಗಿದ ದಿನವೇ ಹೊಲಕ್ಕೆ ನೀರು ಬರುವುದಿಲ್ಲ. ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅಲ್ಲಿನ ಎಡದಂಡೆ ಕಾಲುವೆಯಿಂದ ಇಂಡಿ ಶಾಖಾ ಕಾಲುವೆ ಕವಲೊಡೆಯಬೇಕು, ಅದರಿಂದ ವಿತರಣಾ ಕಾಲುವೆ, ಅದರಿಂದ ಹೊಲಗಾಲುವೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕೊನೆಯ ಹೊಲ ಒಣಗಿಯೇ ಉಳಿಯುತ್ತದೆ. ಇಂಡಿಯ ಲಿಂಬೆ ತೋಟಗಳನ್ನೇ ನೋಡಿರಿ. ನೆಟ್ಟ ಗಿಡ ಫಲಕ್ಕೆ ಬರಲು ವರ್ಷಗಳೇ ಬೇಕು. ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡ ರೈತರು ಇಲ್ಲಿದ್ದಾರೆ. ಕಡತದ ಮೇಲೆ ಒಂದು ಬೇಸಿಗೆಯ ವಿಳಂಬವೆಂದರೆ ಒಂದು ಸಾಲಿನ ಟಿಪ್ಪಣಿ. ತೋಟದಲ್ಲಿ ಅದು ಹಲವು ವರ್ಷಗಳ ನಷ್ಟ.

ಹಾಗಾದರೆ ಹೇಗಾದರೂ ಮಾಡಿ ಬೇಗ ಮುಗಿಸಿಬಿಟ್ಟರೆ ಸಾಕೆ? ಇದಕ್ಕೆ ಉತ್ತರ ಡೇವಿಡ್ ಲೀನ್ ನಿರ್ದೇಶನದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದಲ್ಲಿದೆ. 1957ರಲ್ಲಿ ಬಂದ ಈ ಚಿತ್ರದಲ್ಲಿ ಜಪಾನೀಯರ ಸೆರೆಯಾಳಾದ ಬ್ರಿಟಿಷ್ ಅಧಿಕಾರಿಯೊಬ್ಬ ಶತ್ರುವಿಗಾಗಿ ರೈಲು ಸೇತುವೆ ಕಟ್ಟಿಸುತ್ತಾನೆ. ಮೊದಲು ನೆಲದ ಪರೀಕ್ಷೆ, ಬಳಿಕ ಗಟ್ಟಿಯಾದ ಹೊಸ ಜಾಗದ ಆಯ್ಕೆ, ಆಳುಗಳ ಹಂಚಿಕೆ, ದಿನದ ಕೆಲಸದ ಗೊತ್ತುವಳಿ, ಎಲ್ಲವೂ ಅಚ್ಚುಕಟ್ಟು. ಸೇತುವೆ ಗಡುವಿಗೆ ಸರಿಯಾಗಿ ಮುಗಿಯುತ್ತದೆ. ಆದರೆ ಇದು ಯಾರಿಗಾಗಿ ಎಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳುವುದು ಎಲ್ಲ ಕೈಮೀರಿದ ಮೇಲೆ. ಹೊತ್ತಿಗೆ ಸರಿಯಾಗಿ ಮುಗಿದ ಕೆಲಸವೆಲ್ಲ ಒಳ್ಳೆಯ ಕೆಲಸವಲ್ಲ. ಜನರನ್ನು ನೀರಿನಂಚಿಗೆ ನಿಲ್ಲಿಸಿ ಗಡುವು ಮುಟ್ಟುವುದು ನಿರ್ವಹಣೆಯಲ್ಲ, ಬರಿಯ ಆತುರ.

ಈ ಮೂರೂ ಪಾಠಗಳು ಸರಕಾರಕ್ಕೆ ಮಾತ್ರ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಮಗಳ ಮದುವೆ, ಮನೆಯ ಕಟ್ಟಡ, ಚರ್ಚಿನ ವಾರ್ಷಿಕ ಹಬ್ಬ, ಧರ್ಮಕೇಂದ್ರದ ಸಭಾಭವನ ಎಲ್ಲವೂ ಯೋಜನೆಗಳೇ. ಮುಗಿಯಬೇಕಾದ ದಿನವನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಯಾವ ಕೆಲಸಕ್ಕೆ ಯಾವುದು ಕಾಯುತ್ತಿದೆ ಎಂಬುದನ್ನು ಗುರುತಿಸಬೇಕು. ಪ್ರತಿಯೊಂದಕ್ಕೂ ಹೊಣೆ ಹೊರುವ ಒಬ್ಬರ ಹೆಸರಿರಬೇಕು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಆಳು ಸಿಗುವುದಿಲ್ಲ, ಸ್ಲ್ಯಾಬು ಹಾಕಿದ ಮೇಲೆ ನೀರುಣಿಸಲು ದಿನಗಳು ಬೇಕು ಎಂಬುದನ್ನು ಮೊದಲೇ ಬರೆದಿಟ್ಟರೆ ಆಮೇಲೆ ಮೇಸ್ತ್ರಿಯನ್ನು ದೂರುವ ಪ್ರಮೇಯ ಬಾರದು. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಹಿರಿಯರು ಹೇಳಿದ್ದು ಬರಿಯ ಅವಸರದ ಮಾತಲ್ಲ. ಗಾಳಿ ಬರುವ ಮೊದಲೇ ಕಣ ಬಳಿದು, ರಾಶಿ ಹಾಕಿ, ಮೊರ ಹಿಡಿದು ಸಿದ್ಧನಾಗಿರುವವನಿಗೆ ಮಾತ್ರ ಆ ಗಾಳಿ ಒದಗುತ್ತದೆ.

ಕಾಲವೂ ಹಣದಂತೆಯೇ ಲೆಕ್ಕ ಕೊಡಬೇಕಾದ ಸೊತ್ತು. ಅದರಲ್ಲೂ ಸಾರ್ವಜನಿಕ ಕೆಲಸದಲ್ಲಿ ನಾವು ಖರ್ಚು ಮಾಡುವುದು ನಮ್ಮ ಕಾಲವನ್ನಲ್ಲ, ಕಾದಿರುವವರ ಕಾಲವನ್ನು. ಸಭೆಗಳಲ್ಲಿ ಎಷ್ಟು ಖರ್ಚಾಯಿತು ಎಂದು ಕೇಳುವ ರೂಢಿ ನಮ್ಮಲ್ಲಿದೆ. ಎಷ್ಟು ದಿನ ಹಿಡಿಯಿತು, ಯಾರು ಕಾದರು ಎಂದು ಕೇಳುವ ರೂಢಿಯೂ ಇನ್ನು ಬೆಳೆಯಲಿ. ಕಾಲುವೆಯ ಕೊನೆಯಲ್ಲಿರುವ ಹೊಲದವನೇ ಆ ಪ್ರಶ್ನೆಯನ್ನು ಮೊದಲು ಕೇಳಲಿ; ಉತ್ತರ ಹೇಳುವ ಹೊಣೆ ಕಾಲುವೆಯ ಮೇಲ್ತುದಿಯಲ್ಲಿರುವವರದು.