ಪಾಲುದಾರನೆಂಬ ಹೆಸರು

ಮೊಬೈಲಿನಲ್ಲಿ ಕರೆದರೆ ಮನೆಬಾಗಿಲಿಗೆ ಬರುವ ಬಾಡಿಗೆ ಕಾರಿನ ಚಾಲಕನನ್ನು ಕಂಪನಿಗಳು ನೌಕರನೆನ್ನುವುದಿಲ್ಲ, ‘ಪಾರ್ಟ್‌ನರ್’ ಎನ್ನುತ್ತವೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಮಾತು ಕಿವಿಗೆ ಚುಚ್ಚುತ್ತದೆ. ಪಾಲುದಾರನೆಂದರೆ ಲಾಭನಷ್ಟಗಳಲ್ಲಿ ಭಾಗವುಳ್ಳವನು, ಲೆಕ್ಕದ ಪುಸ್ತಕವನ್ನು ತೆಗೆದು ನೋಡಬಲ್ಲವನು. ಹಿಂದೆ ಕೋರಿಗೆ ಹೊಲ ಮಾಡುತ್ತಿದ್ದ ಒಕ್ಕಲಿನವನ ಪಾಡೇನೂ ಸುಖದ್ದಾಗಿರಲಿಲ್ಲ. ಆದರೂ ಕಣದ ರಾಶಿಯನ್ನು ಅವನ ಕಣ್ಣೆದುರಿಗೇ ಅಳೆಯುತ್ತಿದ್ದರು. ಈ ಹೊಸ ಪಾಲುದಾರನಿಗೆ ಕಣವೂ ಇಲ್ಲ, ಕೊಳಗವೂ ಇಲ್ಲ. ಪ್ರಯಾಣಿಕನಿಗೆ ದರ ತೋರಿಸುವುದು ಕಂಪನಿ; ಕಮಿಷನ್ನೋ ದಿನದ ಶುಲ್ಕವೋ, ಅದನ್ನು ಗೊತ್ತುಮಾಡುವುದು ಕಂಪನಿ; ಬೇಡವೆನಿಸಿದ ದಿನ ಅವನ ಖಾತೆಗೆ ಬೀಗ ಹಾಕುವುದೂ ಕಂಪನಿಯೇ. ಕಾರಿನ ಸಾಲ ಮಾತ್ರ ಅವನದು.

2017ರ ಫೆಬ್ರವರಿಯಲ್ಲಿ ಓಲಾ, ಊಬರ್ ಚಾಲಕರು ಈ ಊರಿನಲ್ಲಿ ಮುಷ್ಕರ ಹೂಡಿದಾಗ ನಮ್ಮ ಬಸವನಗುಡಿಯ ಸದ್ಗೃಹಸ್ಥರು ಆಡಿಕೊಂಡ ಮಾತು ನೆನಪಿದೆ: ‘ಇವರನ್ನು ಸೇರಿರೆಂದು ಬಲವಂತ ಮಾಡಿದವರಾರು?’ ಯಾರೂ ಮಾಡಲಿಲ್ಲ, ನಿಜ. ಆಸೆ ತೋರಿಸಿದರು. ಪ್ರೋತ್ಸಾಹಧನವನ್ನು ನಂಬಿ ಜನ ಸಾಲ ಮಾಡಿ ಕಾರು ಕೊಂಡರು, ಕಾರುಗಳು ಹೆಚ್ಚಿದವು, ಪ್ರೋತ್ಸಾಹಧನ ಇಳಿಯಿತು, ಕಂತು ಇಳಿಯಲಿಲ್ಲ. ಬಿನ್ನಿ ಗಿರಣಿಯ ಕಾರ್ಮಿಕನಿಗೆ ಕೂಗುವುದಕ್ಕೆ ಒಂದು ಗೇಟಾದರೂ ಇತ್ತು. ಇವನು ಯಾವ ಗೇಟಿನ ಮುಂದೆ ನಿಲ್ಲಬೇಕು? ಮೊಬೈಲನ್ನು ಆರಿಸಿ ಮನೆಯಲ್ಲಿ ಕುಳಿತರೆ ಅದು ಮುಷ್ಕರವೋ ರಜವೋ ಎಂದು ನೆರೆಯವನಿಗೂ ತಿಳಿಯದು.

ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ, ಕರಾರುಪತ್ರದ ಮಾತಿಗೆ ಮರುಳಾಗದೆ, ದರವನ್ನೂ ನಿಬಂಧನೆಗಳನ್ನೂ ಗೊತ್ತುಮಾಡುವವರು ಯಾರೆಂದು ನೋಡಿತು. ಊಬರ್ ಚಾಲಕರು ಕಾರ್ಮಿಕರೇ ಎಂದಿತು. ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಅಧಿನಿಯಮವೂ ಹಗುರವಾದದ್ದಲ್ಲ. ಕಲ್ಯಾಣನಿಧಿಗೆ ಕಂಪನಿಗಳು ಶೇಕಡ 1ರಿಂದ 5ರವರೆಗೆ ಶುಲ್ಕ ಕೊಡಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟೀಸು ಕೊಡಬೇಕು. ಸಂತೋಷ. ಆದರೆ ಅವನು ನೌಕರನೆಂಬ ಒಂದು ಮಾತನ್ನು ಹೇಳಲು ಅದೂ ಹಿಂಜರಿಯಿತು. ನಿಧಿ ಬೇರೆ, ಸಂಬಳ ಬೇರೆ.

ಹಾಗೆ ಹೇಳಿದರೆ ಬಾಡಿಗೆ ಏರುವುದೆಂದು ಹೆದರಿಸುವವರಿದ್ದಾರೆ. ಹೋದ ಮಳೆಗಾಲದ ಒಂದು ಸಂಜೆ ಮಲ್ಲೇಶ್ವರದಿಂದ ಮನೆಗೆ ಬರಲು ನಾನು ಎಂದಿನ ಒಂದೂವರೆಯಷ್ಟು ಬಾಡಿಗೆ ತೆತ್ತೆ. ಆ ಹೆಚ್ಚಿನ ಹಣದಲ್ಲಿ ನಿನಗೆಷ್ಟಪ್ಪಾ ಎಂದು ಚಾಲಕನನ್ನು ಕೇಳಿದೆ. ‘ನೀವೆಷ್ಟು ಕೊಟ್ಟಿರಿ ಸಾರ್?’ ಎಂದು ಅವನು ನನ್ನನ್ನೇ ಕೇಳಿದ.