ಏಡಿಯ ಊಟ: ಕೇಳಿ ತಿಂದವನೇ ಜಾಣ

ಚೀನೀಯರ ಊಟದ ಮೇಜಿನ ಮೇಲೆ ಕಡ್ಡಿಗಳಿಗೆ ಇರುವ ಮರ್ಯಾದೆ ಎಲ್ಲರಿಗೂ ಗೊತ್ತಿರುವುದೇ. ಅನ್ನವಿರಲಿ, ಶಾವಿಗೆಯಿರಲಿ, ಬಟಾಣಿ ಕಾಳಿನಷ್ಟು ತರಕಾರಿ ಚೂರಿರಲಿ, ಎರಡು ಕಡ್ಡಿಗಳ ನಡುವೆ ಸಿಕ್ಕಿಯೇ ಬಾಯಿ ಸೇರಬೇಕು. ಆದರೆ ಒಂದು ಪದಾರ್ಥ ಬಂದೊಡನೆ ಮಾತ್ರ ಆ ಕಡ್ಡಿಗಳು ತೆಪ್ಪಗೆ ಬದಿಗೆ ಸರಿಯುತ್ತವೆ. ಟೈ ಕಟ್ಟಿದ ಬ್ಯಾಂಕ್ ಅಧಿಕಾರಿಯೂ ಅಂಗಿಯ ತೋಳು ಮಡಚುತ್ತಾನೆ. ಅಜ್ಜಿ, ಮಗಳು, ಮೊಮ್ಮಗ ಎಲ್ಲರೂ ಎರಡೂ ಕೈಗಳಿಂದ ಊಟಕ್ಕಿಳಿಯುತ್ತಾರೆ. ಆ ಪದಾರ್ಥವೇ ಏಡಿ. ಕೈಯಲ್ಲಿ ಉಣ್ಣುವುದನ್ನೇ ಬಲ್ಲ ಕನ್ನಡಿಗರಿಗೆ ಆ ಮೇಜಿನಲ್ಲಿ ಸಂಕೋಚಪಡುವ ಪ್ರಮೇಯವೇ ಇಲ್ಲ.

ಇಂಥ ಮೇಜುಗಳನ್ನು ನೋಡಬೇಕಾದರೆ ಸಿಂಗಪುರಕ್ಕೆ ಹೋಗಬೇಕು. ಓದಲು, ದುಡಿಯಲು ಅಲ್ಲಿಗೆ ಹೋದ ಕನ್ನಡದ ಹುಡುಗ ಹುಡುಗಿಯರು ಬಹಳ ಮಂದಿ. ಅವರನ್ನು ನೋಡಿ ಬರಲು ಹೋಗುವ ತಂದೆ ತಾಯಿಯರೂ ಉಂಟು. ಅಂಥವರನ್ನು ಗೆಳೆಯರು ಒಂದಲ್ಲ ಒಂದು ದಿನ ಏಡಿಯ ಊಟಕ್ಕೆ ಕರೆದೇ ಕರೆಯುತ್ತಾರೆ. ಏಡಿ ಮುಟ್ಟದ ಮನೆಯವರಿಗೂ ಆ ಊಟದ ಕಥೆಯಲ್ಲಿ ಕಲಿಯುವುದಕ್ಕೇನೂ ಕಡಿಮೆಯಿಲ್ಲ.

ಹೆಸರಾದ ಏಡಿ ಹೋಟೆಲುಗಳೆಲ್ಲ ಥಳಕಿನವೇ ಆಗಿರಬೇಕೆಂದಿಲ್ಲ. ಸಿಂಗಪುರದ ಮರೀನ್ ಪರೇಡ್ ಬಡಾವಣೆಯಲ್ಲಿರುವ ರೋಲಂಡ್ ಎಂಬ ಹೋಟೆಲು ಇರುವುದು ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡದ ಮೇಲಂತಸ್ತಿನಲ್ಲಿ. ಒಳಗೆ ದುಂಡು ಮೇಜುಗಳು, ಗದ್ದಲ, ಮೂರು ತಲೆಮಾರಿನ ಸಂಸಾರಗಳು. ಆದರೆ ಅದರ ಬೇರು ಆ ದೇಶದ ಅಡುಗೆಯ ಚರಿತ್ರೆಗೇ ಇಳಿಯುತ್ತದೆ.

1950ರ ದಶಕದ ಮಾತು. ಚೆರ್ ಯಾಮ್ ಟಿಯಾನ್ ಎಂಬ ಗೃಹಿಣಿ ಮನೆಯಲ್ಲಿ ಏಡಿಯನ್ನು ಹಬೆಯಲ್ಲಿ ಬೇಯಿಸುತ್ತಿದ್ದರು. ಪೊಲೀಸ್ ಕೆಲಸದಲ್ಲಿದ್ದ ಅವರ ಗಂಡನಿಗೆ ಅದನ್ನೇ ತಿಂದು ಬೇಸರವಾಗಿ, ಬೇರೆ ರೀತಿಯಲ್ಲಿ ಮಾಡಲಾಗದೇ ಎಂದು ಕೇಳಿದರಂತೆ. ಆಕೆ ಟೊಮೆಟೊ ಸಾಸ್ ಹಾಕಿ ಹುರಿದು ಕೊಟ್ಟರು. ಸಿಹಿ ಹೆಚ್ಚಾಯಿತು, ಖಾರ ಬೇಕು ಎಂದರು ಗಂಡ. ಮೆಣಸಿನಕಾಯಿಯ ಸಾಸ್ ಸೇರಿತು. ರುಚಿ ನೆರೆಹೊರೆಗೂ ಹಿಡಿಸಿತು. 1956ರ ಸುಮಾರಿಗೆ ದಂಪತಿ ತಳ್ಳುಗಾಡಿಯಲ್ಲಿ ಮಾರಲು ಹೊರಟರು. ಸೀಮೆಎಣ್ಣೆಯ ದೀಪ, ನಾಲ್ಕಾರು ಮೇಜು, ಅಷ್ಟೇ ಬಂಡವಾಳ. ಅದು ಮುಂದೆ ಸಮುದ್ರದಂಡೆಯ ‘ಪಾಮ್ ಬೀಚ್’ ಹೋಟೆಲಾಯಿತು. ಕುಟುಂಬ ಅದನ್ನು ಮಾರಿ ನ್ಯೂಜಿಲೆಂಡಿಗೆ ಹೋದ ಮೇಲೆ, ಮಗ ಹಿಂತಿರುಗಿ 1985ರಲ್ಲಿ ಆರಂಭಿಸಿದ್ದೇ ಈ ರೋಲಂಡ್.

ಆ ತಾಯಿಯ ಕೈಯಡುಗೆಗೆ ಇನ್ನೊಂದು ತಿರುವು ಕೊಟ್ಟವರು ಹೂಯಿ ಕೊಕ್ ವಾ ಎಂಬ ಬಾಣಸಿಗ. 1963ರಲ್ಲಿ ‘ಡ್ರ್ಯಾಗನ್ ಫೀನಿಕ್ಸ್’ ಎಂಬ ಹೋಟೆಲು ತೆರೆದ ಅವರು ಬಾಟಲಿಯ ಸಾಸ್ ಬದಿಗಿಟ್ಟು, ಮಲಯ ಶೈಲಿಯಲ್ಲಿ ಅರೆದ ಮೆಣಸಿನಕಾಯಿಯ ಸಂಬಾಲ್, ಟೊಮೆಟೊ ಮತ್ತು ಮೊಟ್ಟೆ ಬಳಸಿದರು. ಒಲೆಯಿಂದ ಇಳಿಸುವ ಹೊತ್ತಿಗೆ ಮೊಟ್ಟೆ ಒಡೆದು ಹಾಕಿ ತಿರುವಿದರೆ ಎಳೆಎಳೆಯಾಗಿ ಗಟ್ಟಿಕಟ್ಟಿ ಗೊಜ್ಜು ದಪ್ಪಗಾಗುತ್ತದೆ. ಈಗ ಹೆಚ್ಚಿನ ಕಡೆ ಸಿಗುವುದು ಈ ಬಗೆಯದೇ. ಹುಳಿ, ಸಿಹಿ, ಖಾರ ಮೂರೂ ಬೆರೆತ ಆ ಗೊಜ್ಜನ್ನು ಮಂಟೌ ಎಂಬ ಕರಿದ ಮೆತ್ತನೆಯ ಬನ್ನಿನಲ್ಲಿ ಅದ್ದಿ ತಿನ್ನುತ್ತಾರೆ. ಏಡಿಗಿಂತ ಗೊಜ್ಜೇ ಮೊದಲು ಖಾಲಿಯಾಗುವುದೂ ಉಂಟು.

ಅಡುಗೆ ಚೀನೀಯರದು, ಮಸಾಲೆ ಮಲಯದ್ದು, ಟೊಮೆಟೊ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಹೀಗಿರುವಾಗ ಇದು ಯಾರ ಸ್ವತ್ತು? 2009ರಲ್ಲಿ ಮಲೇಶಿಯದ ಆಗಿನ ಪ್ರವಾಸೋದ್ಯಮ ಸಚಿವೆ, ಮೆಣಸಿನಕಾಯಿ ಏಡಿ ತಮ್ಮ ದೇಶದ್ದು ಎಂದಾಗ ಸಿಂಗಪುರದಲ್ಲಿ ದೊಡ್ಡ ಗಲಾಟೆಯಾಯಿತು. ರಸಗುಲ್ಲಕ್ಕಾಗಿ ಬಂಗಾಳ, ಒಡಿಶಾಗಳ ನಡುವೆ ನಡೆದ ಜಗಳ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಅಂತೂ ಬೀದಿಬದಿಯ ಗಾಡಿಗಳಿಂದ ಬೆಳೆದ ಸಿಂಗಪುರದ ಆಹಾರ ಸಂಸ್ಕೃತಿಗೆ 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿತು.

ಗಂಡನ ಒಂದು ಪ್ರಶ್ನೆಯಿಂದ ಹುಟ್ಟಿದ ಊಟ ಇದು. ತಿನ್ನುವವನೂ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ಒಂದು ನಿದರ್ಶನವಿದೆ. 2023ರ ಆಗಸ್ಟ್‌ನಲ್ಲಿ ಜಪಾನಿನ ಪ್ರವಾಸಿ ಮಹಿಳೆಯೊಬ್ಬರು ಸಿಂಗಪುರದ ಹೋಟೆಲೊಂದರಲ್ಲಿ ಜೊತೆಯವರೊಂದಿಗೆ ಅಲಾಸ್ಕದ ದೊಡ್ಡ ಏಡಿಯನ್ನು ತರಿಸಿದರು. ಬಿಲ್ಲು ಬಂದಾಗ ಏಡಿಯೊಂದಕ್ಕೇ 938 ಸಿಂಗಪುರ ಡಾಲರ್! ಮೂವತ್ತು ಡಾಲರ್ ಆಸುಪಾಸು ಎಂದು ತಿಳಿದಿದ್ದ ಆಕೆ ದಂಗಾಗಿ ಪೊಲೀಸರನ್ನು ಕರೆಸಿದರು. ಹೋಟೆಲಿನವರು, ಬೆಲೆ ವಿವರಿಸಿದ್ದೇವೆ, ಅಡುಗೆಗೆ ಮುಂಚೆ ಇಡೀ ಏಡಿಯನ್ನು ಮೇಜಿಗೆ ತಂದು ತೋರಿಸಿದ್ದೇವೆ ಎಂದರು. ಕೊನೆಗೆ ಸ್ವಲ್ಪ ರಿಯಾಯಿತಿ ಕೊಟ್ಟು ವ್ಯವಹಾರ ಮುಗಿಯಿತು.

ಲೆಕ್ಕ ತಪ್ಪಿದ್ದೆಲ್ಲಿ? ಬೆಲೆ 26 ಡಾಲರ್ 80 ಸೆಂಟ್ ಎಂದಿದ್ದದ್ದು ಇಡೀ ಏಡಿಗಲ್ಲ, 100 ಗ್ರಾಮಿಗೆ. ಆ ಏಡಿಯ ತೂಕ ಮೂರೂವರೆ ಕಿಲೋ, ಅಂದರೆ ನೂರು ಗ್ರಾಮಿನ 35 ಪಾಲು. 26.80ನ್ನು 35ರಿಂದ ಗುಣಿಸಿದರೆ 938 ಬಂದೇ ಬರುತ್ತದೆ. ಐದನೇ ತರಗತಿಯ ಗಣಿತ. ಮಾನ ಯಾವುದು ಎಂದು ನೋಡದೆ ಲೆಕ್ಕ ಮಾಡಿದರೆ ಅಂಕ ಹೋಗುತ್ತದೆ ಎಂದು ಮೇಷ್ಟ್ರು ಹೇಳುವುದು ಸುಮ್ಮನೆ ಅಲ್ಲ.

ತೂಕದ ಬೆಲೆಯ ಮೇಲೆ ಇನ್ನೆರಡು ಸೇರುತ್ತವೆ. ಸಿಂಗಪುರದ ಹಲವು ಹೋಟೆಲುಗಳ ಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಕೂಡುವ ಚಿಹ್ನೆಗಳಿರುತ್ತವೆ. ಒಂದು ಶೇಕಡಾ 10ರ ಸೇವಾಶುಲ್ಕ, ಇನ್ನೊಂದು ತೆರಿಗೆ. 2024ರ ಜನವರಿಯಿಂದ ಈ ತೆರಿಗೆ ಶೇಕಡಾ 9. ಅದನ್ನು ಸೇವಾಶುಲ್ಕ ಕೂಡಿದ ಮೇಲಿನ ಮೊತ್ತಕ್ಕೆ ಹಾಕುತ್ತಾರೆ. 100 ಗ್ರಾಮಿಗೆ 10 ಡಾಲರ್ ಎಂದು ಹಿಡಿದರೆ 1,200 ಗ್ರಾಮಿನ ಏಡಿಗೆ 120 ಡಾಲರ್. ಸೇವಾಶುಲ್ಕ ಸೇರಿ 132. ತೆರಿಗೆ ಸೇರಿ 143 ಡಾಲರ್ 88 ಸೆಂಟ್. ಕುಳಿತ ಕೂಡಲೇ ತಂದಿಡುವ ಕಡಲೆಕಾಯಿ ಬೀಜ, ಕೈ ಒರೆಸುವ ಒದ್ದೆ ಕಾಗದ ಇವಕ್ಕೂ ಹಲವೆಡೆ ಬೆಲೆಯುಂಟು. ಬೇಡವಾದರೆ ಮೊದಲೇ ಬೇಡವೆನ್ನಬೇಕು.

ಇಲ್ಲೇ ಅನೇಕ ತಂದೆ ತಾಯಿಯರು ಎಡವುವುದು. ಮಕ್ಕಳ ಗೆಳೆಯರೆದುರು, ಪರದೇಶದಲ್ಲಿ, ‘ಇದಕ್ಕೆಷ್ಟು’ ಎಂದು ಕೇಳಿದರೆ ಮರ್ಯಾದೆ ಹೋಯಿತೆಂಬ ಭಾವನೆ. ತರಕಾರಿ ಗಾಡಿಯವನ ಹತ್ತಿರ ಎಂಟಾಣೆ ಬಿಡದೆ ಚೌಕಾಸಿ ಮಾಡಿದವರೂ ಗಾಜಿನ ತೊಟ್ಟಿಯ ಮುಂದೆ ಮೂಕರಾಗುತ್ತಾರೆ. ಚೀನೀ ಗಿರಾಕಿಗಳಿಗೆ ಈ ಸಂಕೋಚವಿಲ್ಲ. ಅವರು ಎದ್ದು ಹೋಗಿ ಏಡಿಯನ್ನು ತೋರಿಸಿ, ತೂಗಿಸಿ, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ, ಬಳಿಕವೇ ‘ಸರಿ’ ಎನ್ನುತ್ತಾರೆ. ಏಡಿಯ ಕಾಲು ಬಿಗಿದ ಹಗ್ಗವೂ ತೂಕದಲ್ಲಿ ಸೇರಿದೆಯೇ ಎಂದು ಕೇಳುವ ಗಟ್ಟಿಗರಿದ್ದಾರೆ. ಒದ್ದೆ ಹಗ್ಗಕ್ಕೂ ಏಡಿಯ ದರ ಕೊಡುವುದು ಯಾರಿಗೆ ಬೇಕು?

ಕೇಳಬೇಕಾದ ಇನ್ನೊಂದು ಪ್ರಶ್ನೆಗೆ ಉತ್ತರ ಜೀವಶಾಸ್ತ್ರದಲ್ಲಿದೆ. ಏಡಿಯ ಅಸ್ಥಿಪಂಜರ ಮೈಹೊರಗಿನ ಚಿಪ್ಪೇ. ಮೈ ಬೆಳೆದರೂ ಚಿಪ್ಪು ಬೆಳೆಯದು. ಆದ್ದರಿಂದ ಹಾವು ಪೊರೆ ಬಿಟ್ಟಂತೆ ಏಡಿ ಹಳೆಯ ಚಿಪ್ಪನ್ನು ಕಳಚುತ್ತದೆ. ಒಳಗಿದ್ದ ಮೆತ್ತನೆಯ ಮೈ ನೀರು ಹೀರಿ ಉಬ್ಬಿ, ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಆದರೆ ಆ ದೊಡ್ಡ ಮನೆಯ ತುಂಬ ಮಾಂಸ ತುಂಬಲು ವಾರಗಳೇ ಬೇಕು. ಅಷ್ಟರೊಳಗೆ ಹಿಡಿದ ಏಡಿ ನೋಡಲು ದೊಡ್ಡದು, ಒಡೆದರೆ ನೀರು. ಹೊಟ್ಟೆಯ ಕಡೆಯ ಚಿಪ್ಪನ್ನು ಬೆರಳಿನಿಂದ ಒತ್ತಿದಾಗ ಬಗ್ಗಿದರೆ ಅದು ಟೊಳ್ಳು. ಕಲ್ಲಿನಂತಿದ್ದು ಗಾತ್ರಕ್ಕೆ ಮೀರಿ ಭಾರವಿದ್ದರೆ ಗಟ್ಟಿ. ಈ ಪರೀಕ್ಷೆಯನ್ನು ಹೋಟೆಲಿನವನ ಕೈಯಿಂದಲೇ ಮಾಡಿಸುವುದು ಕ್ಷೇಮ, ಏಕೆಂದರೆ ಏಡಿಯ ಮುಂಗಾಲಿನ ಇಕ್ಕುಳಕ್ಕೆ ಬೆರಳು ಸಿಕ್ಕಿದರೆ ಗಾಯ ನಿಶ್ಚಯ.

ಇನ್ನು ಈ ಏಡಿ ಎಲ್ಲಿಯದು? ಪುಟ್ಟ ಸಿಂಗಪುರಕ್ಕೆ ಆಹಾರದ ಬಹುಪಾಲು ಹೊರಗಿನಿಂದಲೇ ಬರಬೇಕು. ಮೆಣಸಿನಕಾಯಿ ಏಡಿಗೆ ಬಳಸುವುದು ಅಳಿವೆಯ ಕೆಸರಿನಲ್ಲಿ ಬಾಳುವ ದೊಡ್ಡ ಹಸಿರುಗಪ್ಪು ಏಡಿ. ಶ್ರೀಲಂಕಾ, ಇಂಡೊನೇಶಿಯ, ಭಾರತ ಮುಂತಾದ ಕಡೆಗಳಿಂದ ಅದು ಜೀವಂತವಾಗಿ ವಿಮಾನ ಹತ್ತುತ್ತದೆ. ಕಿವಿರುಗಳಲ್ಲಿ ತೇವ ಉಳಿದರೆ ನೀರಿಲ್ಲದೆಯೂ ಅದು ಕೆಲವು ದಿನ ಬದುಕಬಲ್ಲದು. ಸಿಂಗಪುರದಲ್ಲಿ ‘ಶ್ರೀಲಂಕಾ ಏಡಿ’ ಎಂದರೆ ಒಂದು ದರ್ಜೆಯ ಹೆಸರೇ ಆಗಿಹೋಗಿದೆ. ಒಳ್ಳೆಯ ಏಡಿಗಳೆಲ್ಲ ರಫ್ತಾಗಿ ಹೋಗುತ್ತಿದ್ದುದರಿಂದ ಲಂಕೆಯವರಿಗೇ ಅವು ಅಪರೂಪವಾಗಿದ್ದವು. ಇದನ್ನು ಗಮನಿಸಿದ ಬಾಣಸಿಗ ದರ್ಶನ್ ಮುನಿದಾಸ ಅವರು ಕ್ರಿಕೆಟಿಗರಾದ ಮಹೇಲ ಜಯವರ್ಧನೆ, ಕುಮಾರ ಸಂಗಕ್ಕಾರ ಅವರೊಡನೆ ಸೇರಿ 2011ರಲ್ಲಿ ಕೊಲಂಬೊದಲ್ಲಿ ಏಡಿಯದೇ ಹೋಟೆಲು ತೆರೆದರು. ಅರ್ಧ ಕಿಲೋಗಿಂತ ಚಿಕ್ಕ ಏಡಿಯನ್ನು ಬಡಿಸುವುದಿಲ್ಲ ಎಂಬುದು ಅಲ್ಲಿನ ನಿಯಮ.

ಅದೇ ಜಾತಿಯ ಏಡಿ ಕಾರವಾರದ ಕಾಳಿ, ಕುಮಟಾದ ಅಘನಾಶಿನಿ, ಕುಂದಾಪುರದ ಗಂಗೊಳ್ಳಿಯ ಅಳಿವೆಗಳಲ್ಲೂ ಇದೆ. ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎನ್ನುತ್ತಾರೆ. ಹಳೇ ಮೈಸೂರಿನ ಗದ್ದೆ ಬದುವಿನ ನಳ್ಳಿ ಇದರ ಸಿಹಿನೀರಿನ ಬಂಧು. ಕಾಂಡ್ಲಾ ಗಿಡಗಳ ಬೇರಿನ ನಡುವೆ ಹೊಕ್ಕು ಏಡಿ ಹಿಡಿಯುವವನಿಗೆ, ಅದು ಮುಂದೆ ಯಾವ ಊರಿನ ತಟ್ಟೆಗೆ ಹೋಗುತ್ತದೆ ಎಂಬುದು ತಿಳಿಯದು. ತಟ್ಟೆಯ ಮುಂದೆ ಕುಳಿತವನಿಗೆ ಕೆಸರಿನಲ್ಲಿ ನಿಂತವನು ಕಾಣುವುದಿಲ್ಲ.

ಇವರಿಬ್ಬರ ನಡುವೆ ಇರುವುದು ಹೆಣ್ಣು ಏಡಿ. ಏಡಿಯನ್ನು ಮಗುಚಿ ನೋಡಿದರೆ ಹೊಟ್ಟೆಗೆ ಅಂಟಿದ ಮಡಿಕೆಯೊಂದು ಕಾಣುತ್ತದೆ. ಗಂಡಿನದು ಕಿರಿದು, ತ್ರಿಕೋನ. ಬೆಳೆದ ಹೆಣ್ಣಿನದು ಅಗಲ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಅಳಿವೆ ಬಿಟ್ಟು ಕಡಲಿಗೆ ಹೋಗಿ, ಲಕ್ಷಗಟ್ಟಲೆ ಮೊಟ್ಟೆಗಳನ್ನು ಈ ಮಡಿಕೆಯಡಿ ಹೊತ್ತು ಕಾಪಾಡುತ್ತದೆ. ಮರಿಗಳು ಹಲವು ರೂಪ ಬದಲಿಸಿ ಕಾಂಡ್ಲಾ ಕಾಡಿನ ಆಸರೆಗೆ ಮರಳುತ್ತವೆ. ಬದುಕಿ ಮರಳುವವು ಬೆರಳೆಣಿಕೆಯಷ್ಟು. ಮೊಟ್ಟೆ ಹೊತ್ತ ತಾಯಿಯನ್ನೂ ಅಂಗೈಯಗಲ ಬೆಳೆಯದ ಮರಿಯನ್ನೂ ಹಿಡಿಯುತ್ತ, ಕಾಂಡ್ಲಾ ಕಡಿದು ಅಳಿವೆ ತುಂಬಿಸುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಬುಟ್ಟಿ ಬರಿದು.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಏಡಿಯ ಮೇಜಿಗೆ ಹೇಳಿ ಮಾಡಿಸಿದಂತಿದೆ. ಎಷ್ಟು ತೂಕ, ಒಟ್ಟು ಎಷ್ಟು ಬೆಲೆ, ಗಟ್ಟಿಯೋ ಟೊಳ್ಳೋ, ಯಾವ ಊರಿನದು, ಮೊಟ್ಟೆ ಹೊತ್ತದ್ದಲ್ಲ ತಾನೆ? ಇಷ್ಟು ಕೇಳಲು ಎರಡು ನಿಮಿಷ ಸಾಕು. ಮಲ್ಪೆಯ ಮೀನಂಗಡಿಯಿರಲಿ, ಮರೀನ್ ಪರೇಡಿನ ಹೋಟೆಲಿರಲಿ, ತಂದೆ ತಾಯಿ ನಾಚದೆ ಕೇಳುವುದನ್ನು ನೋಡಿದ ಮಕ್ಕಳು ನಾಳೆ ಬೇರೆ ಊರಿನಲ್ಲಿ ಒಬ್ಬರೇ ಇದ್ದಾಗ, ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವ ಮುನ್ನವೂ ಕೇಳಿಯೇ ಮುಂದುವರಿಯುತ್ತಾರೆ.