ರಜೆಗೆ ಕೊಯಮತ್ತೂರಿಗೆ ಹಗಲು ಬಸ್ಸು ಹೆಚ್ಚಲಿ

1956ರ ಅಕ್ಟೋಬರ್ ಮುಗಿಯುವವರೆಗೂ ಕೊಳ್ಳೇಗಾಲದವರ ಜಿಲ್ಲಾ ಕೇಂದ್ರ ಕೊಯಮತ್ತೂರು. ಜಮೀನಿನ ತಕರಾರು ಕಲೆಕ್ಟರರ ಮುಂದೆ ಹೋಗಬೇಕೆಂದರೆ ಕಾಗದಪತ್ರ ಕಟ್ಟಿಕೊಂಡು ಘಟ್ಟ ಇಳಿದೇ ಹೋಗಬೇಕಿತ್ತು. ಆ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ಪಕ್ಕದ ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಕೇಂದ್ರವಾಗಿ ಬೇರೆ ಜಿಲ್ಲೆ ಆಗುವ ತನಕ ಆ ಸೀಮೆಯಲ್ಲಿರುವ ಡಾ. ರಾಜ್‌ಕುಮಾರ್ ಅವರ ಗಾಜನೂರು ಕೂಡ ಕೊಯಮತ್ತೂರು ಜಿಲ್ಲೆಯ ಲೆಕ್ಕದಲ್ಲೇ ಇತ್ತು.

ಈಗ ಆ ದಾರಿಯಲ್ಲಿ ಕೋರ್ಟು ಕಚೇರಿಗೆ ಹೋಗುವವರಿಲ್ಲ, ರಜೆಯ ಜನ ಇದ್ದಾರೆ. ದಸರೆ, ದೀಪಾವಳಿ, ಕ್ರಿಸ್‌ಮಸ್, ಬೇಸಿಗೆ ಯಾವುದೇ ಇರಲಿ, ಮೈಸೂರು, ನಂಜನಗೂಡು, ಚಾಮರಾಜನಗರದ ಕುಟುಂಬಗಳು ಬಣ್ಣಾರಿ ಮಾರಮ್ಮನಿಗೆ ಕೈಮುಗಿದು, ಮರುದಮಲೈ ಹತ್ತಿ, ವೆಳ್ಳಿಯಂಗಿರಿ ತಪ್ಪಲಿನ 112 ಅಡಿ ಎತ್ತರದ ಆದಿಯೋಗಿ ನೋಡಿಕೊಂಡು, ತಿರುಪ್ಪೂರಿನಲ್ಲಿ ಬನಿಯನ್ನು, ಟಿ ಶರ್ಟು ಕೊಂಡು ಬರುತ್ತಾರೆ. ಪೊಳ್ಳಾಚಿ ಮೇಲೆ ಪಳನಿಗೆ ಹೋಗುವವರೂ ಬಹಳ. ಮೈಸೂರಿನಿಂದ ಕೊಯಮತ್ತೂರಿಗೆ ಚಾಮರಾಜನಗರ, ಸತ್ಯಮಂಗಲದ ಮೇಲಿನ ಈ ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ರೈಲಿಗೆ ಹೋಗುವುದಾದರೆ ಬೆಂಗಳೂರು, ಸೇಲಂ ಸುತ್ತಬೇಕು. ಚಾಮರಾಜನಗರದಿಂದ ಸತ್ಯಮಂಗಲದ ಮೇಲೆ ಮೇಟುಪಾಳ್ಯಕ್ಕೆ ರೈಲು ಹಾಕುವ ಮಾತು ದಶಕಗಳಿಂದ ಇದೆ, ನಡುವೆ ದಟ್ಟ ಕಾಡಿರುವುದರಿಂದ ಅದು ಕಾಗದ ಬಿಟ್ಟು ಮೇಲೇಳಲಿಲ್ಲ. ಬೆಂಗಳೂರಿನವರಿಗೆ ಉದಯ್ ಎಕ್ಸ್‌ಪ್ರೆಸ್ ಇದೆ, 2023ರ ಡಿಸೆಂಬರ್ 30ರಿಂದ ವಂದೇ ಭಾರತ್ ಕೂಡ ಇದೆ. ಹಳೆ ಮೈಸೂರು ಸೀಮೆಯ ಜನಕ್ಕೆ ಇರುವುದು ಬಸ್ಸು ಒಂದೇ.

ಆ ಬಸ್ಸನ್ನು ಎರಡೂ ರಾಜ್ಯಗಳು ರಜೆಯ ದಿನಗಳಲ್ಲಿ ಸರಿಯಾಗಿ ಓಡಿಸುತ್ತಿಲ್ಲ ಎಂಬುದೇ ಇಲ್ಲಿಯ ತಕರಾರು.

ಚಾಮರಾಜನಗರ ದಾಟಿ ಪುಣಜನೂರು ಚೆಕ್‌ಪೋಸ್ಟ್ ಕಳೆದರೆ ತಮಿಳುನಾಡು. ರಾಷ್ಟ್ರೀಯ ಹೆದ್ದಾರಿ 948 ಇಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಾಗುತ್ತದೆ. 2013ರಲ್ಲಿ ಹುಲಿ ಕಾಡೆಂದು ಘೋಷಣೆಯಾದ ಈ ಪ್ರದೇಶ ಒಂದು ಕಡೆ ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೂ ಇನ್ನೊಂದು ಕಡೆ ಬಂಡೀಪುರ, ಮುದುಮಲೈಗೂ ಅಂಟಿಕೊಂಡಿದೆ. ಆನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಹಾಸನೂರಿನ ಆಸುಪಾಸಿನಲ್ಲಿ ಅವು ರಸ್ತೆ ಬದಿಗೆ ಬಂದು ಕಬ್ಬಿನ ಲಾರಿಗೆ ಕಾಯುವುದನ್ನು ಈ ದಾರಿಯ ಚಾಲಕರೆಲ್ಲ ಕಂಡಿದ್ದಾರೆ. ತಾಳವಾಡಿ ಕಡೆಯ ಕಬ್ಬು ಸತ್ಯಮಂಗಲದ ಸಕ್ಕರೆ ಕಾರ್ಖಾನೆಗೆ ಇದೇ ರಸ್ತೆಯಲ್ಲಿ ಇಳಿಯುತ್ತದೆ. ಲಾರಿ ನಿಧಾನ ಮಾಡಿದರೆ ಸಾಕು, ಸೊಂಡಿಲು ಹಿಂದಿನಿಂದ ಎರಡು ಜಲ್ಲೆ ಎಳೆದುಕೊಂಡಿರುತ್ತದೆ. ಹಿಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆಲವರು ಇಳಿದು ಫೋನು ಹಿಡಿಯುತ್ತಾರೆ. ಮರಿ ಜೊತೆಗಿರುವ ಆನೆಯ ಎದುರು ಇದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ. ಬಸ್ಸಿನಲ್ಲಿ ಕೂತವರು ಅದೇ ಆನೆಯನ್ನು ಕಿಟಕಿಯ ಎತ್ತರದಿಂದ, ಯಾರಿಗೂ ತೊಂದರೆಯಿಲ್ಲದೆ, ಕಣ್ತುಂಬ ನೋಡುತ್ತಾರೆ.

ಮುಂದೆ ದಿಂಬಂ. ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದ ಈ ಅಂಚಿನಿಂದ ಬಣ್ಣಾರಿಯ ಬಯಲಿಗೆ 27 ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ ಇಳಿಯುತ್ತದೆ. ತಿರುವಿನಲ್ಲಿ ಬಸ್ಸು ಮೂಗು ಹೊರಳಿಸಬೇಕಾದರೆ ಎದುರಿನ ವಾಹನ ದೂರದಲ್ಲೇ ನಿಲ್ಲಬೇಕು. ಅಲ್ಲಿ ಹತ್ತುವ ವಾಹನಕ್ಕೆ ಮೊದಲ ದಾರಿ ಎಂಬುದು ಹಳೆಯ ಚಾಲಕರಿಗೆಲ್ಲ ರೂಢಿ, ರಜೆಗೆ ಮೊದಲ ಸಲ ಘಟ್ಟಕ್ಕೆ ಬಂದ ಕಾರಿನವರಿಗೆ ಗೊತ್ತಿರುವುದಿಲ್ಲ. ಒಂದು ಕಾರು ಅವಸರಪಟ್ಟು ಒಳತಿರುವಿಗೆ ನುಗ್ಗಿದರೆ ಮೇಲೊಂದು ಲಾರಿ, ಕೆಳಗೊಂದು ಬಸ್ಸು ಸಿಕ್ಕಿಕೊಂಡು ಇಡೀ ಘಾಟಿ ಸ್ತಬ್ಧ. ಕೆಳಗಿಳಿಯುತ್ತ ಕಿವಿ ಗುಂಯ್ ಎನ್ನುತ್ತದೆ, ಗಾಳಿಯ ತಂಪು ತಿರುವಿನಿಂದ ತಿರುವಿಗೆ ಕಡಿಮೆಯಾಗುತ್ತದೆ, ಬಣ್ಣಾರಿಯಲ್ಲಿ ಬಾಗಿಲು ತೆರೆದರೆ ಕೊಂಗುನಾಡಿನ ಬಿಸಿಲು. ಅನೇಕ ಚಾಲಕರು ಅಲ್ಲಿ ಮಾರಮ್ಮನ ಗುಡಿಯ ಮುಂದೆ ಬಸ್ಸು ನಿಲ್ಲಿಸಿ ಕುಂಕುಮ ಹಚ್ಚಿಕೊಂಡೇ ಮುಂದಕ್ಕೆ ಹೊರಡುವುದು.

ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. 2019ರಲ್ಲೇ ಈರೋಡ್ ಜಿಲ್ಲಾಧಿಕಾರಿ ಹೊರಡಿಸಿದ್ದ ಆದೇಶ ಮೂರು ವರ್ಷ ಕಡತದಲ್ಲೇ ಇತ್ತು. ಮದ್ರಾಸ್ ಹೈಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ 2022ರ ಫೆಬ್ರವರಿ 10ರಿಂದ ಜಾರಿಗೆ ಬಂತು. ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳ ಪ್ರಶ್ನೆಯೇ ಅದರ ಮೂಲ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ನಿಷೇಧಕ್ಕೆ ಕಾರಣವೂ ಅದೇ. ಈ ನಿರ್ಬಂಧ ಸರಿಯಾದದ್ದು, ಸಡಿಲಿಸಬಾರದು. ಆದರೆ ರಾತ್ರಿ ದಾರಿ ಮುಚ್ಚಿದ ಸರ್ಕಾರಗಳಿಗೆ ಹಗಲಿನ ದಾರಿಯಲ್ಲಿ ಜನರಿಗೆ ಬಸ್ಸು ಒದಗಿಸುವ ಹೊಣೆಯೂ ಇದೆ. ಹಬ್ಬದ ಹಿಂದಿನ ದಿನ ಸೀಟು ಸಿಗದ ಕುಟುಂಬ ಬಾಡಿಗೆ ಕಾರು ಹಿಡಿಯುತ್ತದೆ. ಒಂದು ಬಸ್ಸಿನ ಜನಕ್ಕೆ ಹತ್ತು, ಹನ್ನೆರಡು ಕಾರು ಬೇಕು. ಅಷ್ಟೂ ಕಾರು ಹುಲಿ ಕಾಡಿನೊಳಗೆ ಹಾದು ಹೋಗುತ್ತವೆ.

ನೀಲಗಿರಿಯಲ್ಲಿ ಇದರ ಪರಿಣಾಮ ಏನೆಂಬುದು ಕಣ್ಣಮುಂದಿದೆ. ಕಾರುಗಳ ದಟ್ಟಣೆ ತಡೆಯಲಾರದೆ ಹೈಕೋರ್ಟ್ ಸೂಚನೆಯಂತೆ 2024ರ ಮೇ 7ರಿಂದ ಊಟಿಗೆ ಇ-ಪಾಸ್ ಬಂತು. 2025ರ ಏಪ್ರಿಲ್ 1ರಿಂದ ಆ ಬೇಸಿಗೆಗೆ ದಿನಕ್ಕೆ 6,000 ವಾಹನ, ವಾರಾಂತ್ಯದಲ್ಲಿ 8,000 ಎಂದು ಮಿತಿ ಹಾಕಿದರು. ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಗೂ 2025ರ ನವೆಂಬರ್‌ನಿಂದ ಇ-ಪಾಸ್ ಕಡ್ಡಾಯವಾಯಿತು. ಆಳಿಯಾರಿನಿಂದ 40 ತಿರುವು ಹತ್ತಿ ಹೋಗುವ ಊರು ಅದು. ನೀಲಗಿರಿಯ ಮಿತಿಯಿಂದ ಸರ್ಕಾರಿ ಬಸ್ಸಿಗೆ ವಿನಾಯಿತಿ ಕೊಟ್ಟಿದ್ದರು. ಬೆಟ್ಟಕ್ಕೆ ಬಸ್ಸೇ ಕಡಿಮೆ ಭಾರ ಎಂದು ನ್ಯಾಯಾಲಯವೂ ಆಡಳಿತವೂ ಒಪ್ಪಿಕೊಂಡಂತಾಯಿತು. ಒಪ್ಪಿಕೊಂಡ ಮೇಲೆ ಬಸ್ಸು ಹೆಚ್ಚಿಸುವುದು ಮುಂದಿನ ಹೆಜ್ಜೆಯಾಗಬೇಕಿತ್ತು.

ಹಗಲು ಬಸ್ಸಿನ ಪರವಾಗಿ ಇನ್ನೊಂದು ಕಾರಣವಿದೆ, ನೋವಿನದು. 2020ರ ಫೆಬ್ರವರಿ 20. ಮರುದಿನ ಮಹಾಶಿವರಾತ್ರಿ, ಅದಕ್ಕೆ ವಾರಾಂತ್ಯ ಸೇರಿ ಉದ್ದನೆಯ ರಜೆ. ಬೆಂಗಳೂರಿನಿಂದ ಎರ್ನಾಕುಲಂಗೆ ಹೊರಟಿದ್ದ ಕೇರಳ ಸಾರಿಗೆಯ ವೋಲ್ವೊ ಬಸ್ಸಿಗೆ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿ, ನಸುಕಿನ ಮೂರು ಗಂಟೆ ದಾಟಿದ ಹೊತ್ತಿನಲ್ಲಿ, ಎದುರು ದಿಕ್ಕಿನ ಕಂಟೇನರ್ ಲಾರಿ ವಿಭಜಕ ಹಾರಿ ಬಂದು ಅಪ್ಪಳಿಸಿತು. 19 ಮಂದಿ ಸತ್ತರು. ಬಸ್ಸಿನ ಚಾಲಕ ಮತ್ತು ಕಂಡಕ್ಟರ್ ಇಬ್ಬರೂ ಸತ್ತವರಲ್ಲಿದ್ದರು. 2018ರಲ್ಲಿ ದಾರಿಯಲ್ಲಿ ಪ್ರಯಾಣಿಕರೊಬ್ಬರು ಅಸ್ವಸ್ಥರಾದಾಗ ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿ ಜೀವ ಉಳಿಸಿದ್ದಕ್ಕೆ ಇಲಾಖೆಯ ಮೆಚ್ಚುಗೆ ಪಡೆದಿದ್ದ ಜೋಡಿ ಅದು. ಅಷ್ಟು ಒಳ್ಳೆಯ ಸಿಬ್ಬಂದಿ ಇದ್ದೂ, ಬಸ್ಸಿನ ಕಡೆಯಿಂದ ತಪ್ಪೇ ಇಲ್ಲದೆಯೂ, ಆ ಹೊತ್ತು ಯಾರನ್ನೂ ಕಾಯಲಿಲ್ಲ. ನಸುಕಿನಲ್ಲಿ ಹೆದ್ದಾರಿಯ ಯಾವ ಸ್ಟಿಯರಿಂಗಿನ ಹಿಂದೆ ಯಾರ ಕಣ್ಣು ಮುಚ್ಚುತ್ತಿದೆ ಎಂದು ಹೇಳಲಾಗದು. ರಜೆಯೆಂದರೆ ರಾತ್ರಿ ಸ್ಲೀಪರ್ ಬಸ್ಸು ಎಂಬ ಅಭ್ಯಾಸ ಹಳೆ ಮೈಸೂರಿಗೂ ಅಂಟಿದೆ. 200 ಕಿಲೋಮೀಟರ್ ದಾರಿಗೆ ಅದರ ಅಗತ್ಯವೇ ಇಲ್ಲ.

ಕೊಯಮತ್ತೂರು ತಲುಪಿದ ಮೇಲೆ ಇನ್ನೊಂದು ಗೊಂದಲ. ಊರಿಗೆ ಒಂದು ಬಸ್ ನಿಲ್ದಾಣವಲ್ಲ. ಸತ್ಯಮಂಗಲ, ಮೈಸೂರು ಬಸ್ಸು ಗಾಂಧಿಪುರಂಗೆ ಬರುತ್ತದೆ. ಪೊಳ್ಳಾಚಿ, ಪಾಲಕ್ಕಾಡಿಗೆ ಉಕ್ಕಡಂ. ಮಧುರೈ, ತಿರುಚ್ಚಿ ಕಡೆಗೆ ಸಿಂಗಾನಲ್ಲೂರು. ಊಟಿಗೆ ಮೇಟುಪಾಳ್ಯಂ ರಸ್ತೆಯ ನಿಲ್ದಾಣ. ಲಗೇಜು, ಮಕ್ಕಳು, ವಯಸ್ಸಾದ ಅತ್ತೆ ಜೊತೆಗಿರುವ ಸೊಸೆಗೆ ಇದನ್ನು ಯಾರು ಹೇಳಬೇಕು? ಎಲ್ಲವನ್ನೂ ಒಂದೇ ಕಡೆ ತರುತ್ತೇವೆಂದು ವೆಳ್ಳಲೂರಿನಲ್ಲಿ 2020ರಲ್ಲಿ ಶುರುಮಾಡಿದ ನಿಲ್ದಾಣದ ಕಾಮಗಾರಿ ಅರ್ಧಕ್ಕೆ ನಿಂತಿತು. ಗಾಂಧಿಪುರಂನಲ್ಲಿ ಕನ್ನಡದಲ್ಲಿ ಒಂದು ಫಲಕ, ಮೈಸೂರಿನ ಸಬರ್ಬನ್ ನಿಲ್ದಾಣದಲ್ಲಿ ತಮಿಳಿನಲ್ಲಿ ಒಂದು ಫಲಕ ಹಾಕಲು ದೊಡ್ಡ ಯೋಜನೆ ಬೇಕಿಲ್ಲ. ಯಾವ ಊರಿಗೆ ಯಾವ ನಿಲ್ದಾಣ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಇಷ್ಟಿದ್ದರೆ ಸಾಕು.

ಒಳಗಿನ ಬಸ್ಸಿನ ವ್ಯವಸ್ಥೆಯಲ್ಲಿ ಮಾತ್ರ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳನ್ನು ಮೆಚ್ಚಲೇಬೇಕು. ಪೊಳ್ಳಾಚಿ, ತಿರುಪ್ಪೂರು ದಾರಿಗಳಲ್ಲಿ ಸರ್ಕಾರಿ ಬಸ್ಸಿನ ಹಿಂದೆಯೇ ಖಾಸಗಿ ಬಸ್ಸು. ಒಂದು ತಪ್ಪಿದರೆ ಇನ್ನೊಂದಕ್ಕೆ ಹೆಚ್ಚು ಕಾಯುವಂತಿಲ್ಲ. ‘ಒನ್ ಟು ಒನ್’ ಎಂಬ ಬಸ್ಸುಗಳಲ್ಲಿ ನಿಲ್ದಾಣದಲ್ಲೇ ಟಿಕೆಟ್ ಕೊಟ್ಟು ಮುಗಿಸುತ್ತಾರೆ, ಆಮೇಲೆ ನಡುವೆ ನಿಲುಗಡೆ ಇಲ್ಲ. ಸಾಮಾನ್ಯ ನಗರ ಬಸ್ಸುಗಳಲ್ಲಿ 2021ರ ಮೇ ತಿಂಗಳಿನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ, ಅದು ನೆನಪಿರಲಿ.

ಇಲ್ಲಿಯ ಬಸ್ಸಿನ ಈ ಶಿಸ್ತಿನ ಹಿಂದೆ ನೂರು ವರ್ಷದ ಇತಿಹಾಸವಿದೆ. 1920ರಲ್ಲಿ ಜಿ.ಡಿ. ನಾಯ್ಡು ಎಂಬ ತರುಣ ಒಂದೇ ಒಂದು ಬಸ್ಸು ಕೊಂಡು ಪೊಳ್ಳಾಚಿಯಿಂದ ಪಳನಿಗೆ ತಾವೇ ಓಡಿಸತೊಡಗಿದರು. ಅಂದರೆ ಈ ಸೀಮೆಯ ಬಸ್ಸಿನ ಕಥೆ ಶುರುವಾದದ್ದೇ ಯಾತ್ರಿಕರ ದಾರಿಯಲ್ಲಿ. ಅದು ಬೆಳೆದು ಯುನಿವರ್ಸಲ್ ಮೋಟಾರ್ ಸರ್ವಿಸ್ ಆಯಿತು. 2025ರ ಅಕ್ಟೋಬರ್‌ನಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯ ಮೇಲೆ ತೆರೆದ 10.1 ಕಿಲೋಮೀಟರ್ ಮೇಲ್ಸೇತುವೆಗೆ ಅವರದೇ ಹೆಸರು. ಪೊಳ್ಳಾಚಿಯ ಆನಮಲೈ ಬಸ್ ಟ್ರಾನ್ಸ್‌ಪೋರ್ಟ್ ಕೂಡ ದೊಡ್ಡ ಹೆಸರು. ಎಪ್ಪತ್ತರ ದಶಕದ ರಾಷ್ಟ್ರೀಕರಣದಲ್ಲಿ ಅದರ ಬಸ್ಸುಗಳಿಂದಲೇ ಚೇರನ್ ಸಾರಿಗೆ ನಿಗಮ ಹುಟ್ಟಿತು.

ಹೊರಗಿನವರೆಂಬ ಭಾವನೆಯೂ ಕನ್ನಡಿಗರಿಗೆ ಇಲ್ಲಿ ಬೇಕಿಲ್ಲ. ಹಾಸನೂರು, ತಾಳವಾಡಿ ಬಿಡಿ, ಕೊಯಮತ್ತೂರು ಪೇಟೆಯ ಒಳಗೇ ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರಿದ್ದಾರೆ. ಅವರ ರಾಮಲಿಂಗ ಚೌಡೇಶ್ವರಿಯ ವಿಜಯದಶಮಿ ಮೆರವಣಿಗೆಯಲ್ಲಿ ಕತ್ತಿ ಹಿಡಿದು ಮಾಡುವ ಅಲಗು ಸೇವೆ ಇಂದಿಗೂ ನಡೆಯುತ್ತದೆ. ಮೈಸೂರಿನಲ್ಲಿ ಅಂಬಾರಿ ಹೊರಡುವ ದಿನವೇ ಇದೂ.

ಹಾಗಾದರೆ ಹೆಚ್ಚುವರಿ ಬಸ್ಸಿಗೆ ಅಡ್ಡಿ ಏನು? ಕರ್ನಾಟಕ, ತಮಿಳುನಾಡು ನಡುವಿನ ಬಸ್ಸುಗಳು ಮೋಟಾರು ವಾಹನ ಕಾಯ್ದೆ 1988ರ 88ನೇ ಕಲಮಿನಡಿ ಆಗುವ ಪರಸ್ಪರ ಒಪ್ಪಂದದಂತೆ ಓಡುತ್ತವೆ. ಯಾವ ದಾರಿ, ಎಷ್ಟು ಟ್ರಿಪ್ಪು ಎಲ್ಲವೂ ಅದರಲ್ಲಿ ಗೊತ್ತಾಗಿರುತ್ತದೆ. ಒಂದು ರಾಜ್ಯದ ಸಾರಿಗೆ ನಿಗಮ ತನ್ನಿಷ್ಟದಂತೆ ಸಂಖ್ಯೆ ಏರಿಸುವಂತಿಲ್ಲ. ಆದರೆ ಅದೇ ಕಾಯ್ದೆಯ 87ನೇ ಕಲಂ ಜಾತ್ರೆ, ಧಾರ್ಮಿಕ ಸಮಾವೇಶಗಳಂಥ ವಿಶೇಷ ಸಂದರ್ಭಗಳಿಗೆ ನಾಲ್ಕು ತಿಂಗಳು ಮೀರದಂತೆ ತಾತ್ಕಾಲಿಕ ಪರ್ಮಿಟ್ ಕೊಡಲು ಅವಕಾಶ ಮಾಡಿದೆ. ತಮಿಳರ ಪಂಗುಣಿ ತಿಂಗಳಲ್ಲಿ ನಡೆಯುವ ಬಣ್ಣಾರಿ ಕೊಂಡ, ದಸರೆ, ಶಿವರಾತ್ರಿ ಎಲ್ಲವೂ ಆ ಮಾತಿನೊಳಗೆ ಸಲೀಸಾಗಿ ಬರುತ್ತವೆ. ಕಾನೂನು ಸಿದ್ಧವಿದೆ, ಇಬ್ಬರು ಅಧಿಕಾರಿಗಳು ಕೂತು ಪಟ್ಟಿ ಮಾಡಬೇಕಷ್ಟೆ.

ಇನ್ನೂ ಒಂದು ಅನುಕೂಲವನ್ನು ಎರಡೂ ನಿಗಮಗಳು ಬಳಸಿಕೊಂಡಂತಿಲ್ಲ. ನಮ್ಮ ನೂಕುನುಗ್ಗಲು ಮತ್ತು ಅವರ ನೂಕುನುಗ್ಗಲು ಒಂದೇ ದಿನ ಬರುವುದಿಲ್ಲ. ಜನವರಿಯಲ್ಲಿ ನಮಗೆ ಸಂಕ್ರಾಂತಿ ಒಂದು ದಿನ, ಅವರಿಗೆ ಪೊಂಗಲ್ ನಾಲ್ಕು ದಿನ. ಆಗ ಕೊಯಮತ್ತೂರು, ತಿರುಪ್ಪೂರಿನ ಜನ ಮೈಸೂರು ಅರಮನೆ ನೋಡಲು ಹತ್ತಿ ಬರುತ್ತಾರೆ. ದೀಪಾವಳಿಗೆ ಅವರಿಗೆ ನರಕ ಚತುರ್ದಶಿಯ ಬೆಳಗೇ ಹಬ್ಬ, ಅದರ ಹಿಂದಿನ ಸಂಜೆ ತಿರುಪ್ಪೂರಿನ ನಿಟಿಂಗ್, ಹೊಲಿಗೆ ಘಟಕಗಳು ಬಾಗಿಲು ಹಾಕಿ ಕಾರ್ಮಿಕರು ಮಧುರೈ, ತೇನಿ, ದಿಂಡಿಗಲ್ಲಿನ ಊರುಗಳಿಗೆ ಹೊರಡುತ್ತಾರೆ. ನಮ್ಮಲ್ಲಿ ಬಲಿಪಾಡ್ಯಮಿ ಮುಗಿದ ಮೇಲೆ ಮರಳುವ ಗದ್ದಲ. ಒಬ್ಬರ ಬಸ್ಸು ಖಾಲಿ ನಿಂತ ದಿನ ಇನ್ನೊಬ್ಬರಿಗೆ ಅದು ಬೇಕು. ಆ ದಿನಗಳಿಗೆ ಜಂಟಿ ವೇಳಾಪಟ್ಟಿ ಮಾಡಿ, ಎರಡೂ ನಿಗಮಗಳ ವೆಬ್‌ಸೈಟಿನಲ್ಲಿ ಒಂದೇ ಸಲ ಬುಕಿಂಗ್ ತೆರೆದರೆ ಹೊಸ ಬಸ್ಸು ಕೊಳ್ಳುವ ಖರ್ಚೂ ಇಲ್ಲ.

ಮುಂದಿನ ರಜೆಗೆ ಮೊದಲು ಎರಡು ಸಾರಿಗೆ ಇಲಾಖೆಗಳು ಮಾಡಬೇಕಾದದ್ದು ಇಷ್ಟು: ಬೆಳಿಗ್ಗೆ 6ರಿಂದ ಮಧ್ಯಾಹ್ನದ ತನಕ ಮೈಸೂರು, ಗಾಂಧಿಪುರಂ ಎರಡೂ ಕಡೆಯಿಂದ ಗಂಟೆಗೊಂದು ಬಸ್ಸು, ಕತ್ತಲಾಗುವ ಮುಂಚೆ ಎಲ್ಲವೂ ದಿಂಬಂ ದಾಟುವಂತೆ ಸಮಯ, ಘಾಟಿಯಲ್ಲಿ ರಜೆಯ ದಿನ ಬಸ್ಸಿಗೆ ಮೊದಲ ದಾರಿ ಬಿಡಿಸುವ ಪೊಲೀಸರು. ಹೋಗುವ ಮನಸ್ಸಿದ್ದವರು ಕಾರಿನ ಕೀಲಿ ಮನೆಯಲ್ಲೇ ಬಿಟ್ಟು ಹಗಲು ಬಸ್ಸಿನ ಸೀಟು ಕಾದಿರಿಸಿ. ಸೀಟು ಸಿಗದಿದ್ದರೆ ಸುಮ್ಮನಾಗಬೇಡಿ, ಯಾವ ದಿನ, ಎಷ್ಟು ಜನ, ಎಲ್ಲಿಂದ ಎಂದು ಬರೆದು ನಿಗಮದ ವಿಭಾಗ ನಿಯಂತ್ರಣಾಧಿಕಾರಿಗೆ ದೂರು ಕೊಡಿ.